ಹಳೇ ಕಂಪ್ಯೂಟರ್ ಪದೇ ಪದೇ ಕೈಕೊಡುತ್ತಿದೆಯೇ?

ಏಳೆಂಟು ವರ್ಷ ದುಡಿದ ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಒಮ್ಮೆ ನೀಲಿ ಪರದೆ, ಇನ್ನೊಮ್ಮೆ ತಾನಾಗಿಯೇ ರೀಸ್ಟಾರ್ಟ್. ಆಗ ಬಹಳ ಜನ ಮೊದಲು ಮಾಡುವುದು ಫಾರ್ಮ್ಯಾಟ್. ದಯವಿಟ್ಟು ಆತುರ ಬೇಡ. ತೊಂದರೆ ಹಾರ್ಡ್‌ವೇರ್‌ನಲ್ಲಿದ್ದರೆ ಫಾರ್ಮ್ಯಾಟ್ ಮಾಡಿದರೂ ಅದು ಹೋಗುವುದಿಲ್ಲ, ನಿಮ್ಮ ಫೈಲುಗಳು ಮಾತ್ರ ಹೋಗುತ್ತವೆ. ಬೇಕಾದ ಫೋಟೊ, ಕಡತಗಳನ್ನೆಲ್ಲ ಈಗಲೇ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಹೇಗೆ ನಿಲ್ಲುತ್ತದೆ, ಗಮನಿಸಿ

ನಿಲ್ಲುವ ಬಗೆಯಲ್ಲೇ ಸುಳಿವು ಇರುತ್ತದೆ. ಪ್ಲಗ್ ಕಿತ್ತಂತೆ ಒಮ್ಮೆಲೇ ಆಫ್ ಆದರೆ ಬಿಸಿ ಅಥವಾ ಪವರ್ ಸಪ್ಲೈ ಮೇಲೆ ಅನುಮಾನ. ನೀಲಿ ಪರದೆಯಲ್ಲಿ ಪ್ರತಿಸಲ ಬೇರೆ ಬೇರೆ ಕೋಡ್ ಬಂದರೆ ಕಂಪ್ಯೂಟರ್‌ನ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್ ನೋಡಬೇಕು. ಪ್ರತಿಸಲ ಒಂದೇ ಫೈಲಿನ ಹೆಸರು ಬಂದರೆ ಅದು ಹೆಚ್ಚಾಗಿ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಕೆಲಸ. ಕೋಡ್ ಓದುವಷ್ಟರಲ್ಲಿ ರೀಸ್ಟಾರ್ಟ್ ಆಗುತ್ತಿದ್ದರೆ ವಿಂಡೋಸ್‌ನ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಆಟೊಮ್ಯಾಟಿಕ್ ರೀಸ್ಟಾರ್ಟ್‌ನ ಟಿಕ್ ತೆಗೆಯಿರಿ.

ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಕಂಡರೆ ಗಾಬರಿ ಬೇಡ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತಷ್ಟೇ ಅದರ ಅರ್ಥ. ಕಾರಣ ಅದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಇದೊಂದನ್ನು ನೋಡಿ ಹೊಸ ಪವರ್ ಸಪ್ಲೈ ಕೊಂಡವರಿದ್ದಾರೆ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಬೇರೆ ಆಪರೇಟಿಂಗ್ ಸಿಸ್ಟಮ್) ಬೂಟ್ ಮಾಡಿ, ಕೆಲವು ಗಂಟೆ ವಿಡಿಯೊ ಓಡಿಸಿ. ಅಲ್ಲೂ ನಿಂತರೆ ತಪ್ಪು ವಿಂಡೋಸ್‌ನದ್ದಲ್ಲ ಅಲ್ವಾ? ನೇರವಾಗಿ ಕ್ಯಾಬಿನೆಟ್ ಬಿಚ್ಚಬಹುದು.

ಧೂಳು, ಬಿಸಿ

ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್‌ನ ಲೋಹ ಮುಟ್ಟಿ. ಮೈಯ ಸ್ಟ್ಯಾಟಿಕ್ ಕರೆಂಟ್ ಅಲ್ಲೇ ಇಳಿದುಹೋಗಲಿ.

ಪ್ರೊಸೆಸರ್ ಮೇಲಿನ ಫ್ಯಾನ್ ಮೇಲಷ್ಟೇ ಬ್ರಶ್ ಆಡಿಸಿದರೆ ಸಾಲದು. ಅದನ್ನು ತೆಗೆದು ಕೆಳಗಿನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ನೋಡಿ. ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಫ್ಯಾನ್ ತಿರುಗುತ್ತಲೇ ಇದ್ದರೂ ಗಾಳಿ ಒಳಗೆ ಹೋಗಿರುವುದಿಲ್ಲ. ಗಾಳಿ ಊದುವಾಗ ಫ್ಯಾನನ್ನು ಬೆರಳಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು. ಹೀಟ್‌ಸಿಂಕ್ ಬಿಚ್ಚಿದಾಗ ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಪುಡಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ನಡುವೆ ಹೊಸ ಪೇಸ್ಟ್ ಸ್ವಲ್ಪವೇ ಹಾಕಿ. ಜಾಸ್ತಿ ಹಾಕಿದರೆ ಲಾಭವಿಲ್ಲ. ಆಮೇಲೂ ಕೆಲಸದ ನಡುವೆ ಪ್ರೊಸೆಸರ್ 90 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲದಿರಬಹುದು, ಮತ್ತೊಮ್ಮೆ ನೋಡಿ.

ರ್‍ಯಾಮ್

ರ್‍ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಪೂರ್ತಿ ಒರೆಸಿ. ಮತ್ತೆ ಹಾಕುವಾಗ ಪಕ್ಕದ ಕ್ಲಿಪ್ 'ಟಕ್' ಅನ್ನಬೇಕು. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಬಿಡುವ ಹಾಗಿಲ್ಲ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ನೋಡಿ. ಎರರ್ ರ್‍ಯಾಮ್ ಜೊತೆ ಹೋದರೆ ರ್‍ಯಾಮ್ ಕೆಟ್ಟಿದೆ. ಸ್ಲಾಟ್‌ನಲ್ಲೇ ಉಳಿದರೆ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು.

ಪವರ್ ಸಪ್ಲೈ, ಬೋರ್ಡ್

ಪವರ್ ಸಪ್ಲೈನ 12 ವೋಲ್ಟ್ ಲೈನ್ 11.4ರಿಂದ 12.6ರ ನಡುವೆ ಇರಬೇಕು. ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ) ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಚೆನ್ನಾಗಿರುವ ಇನ್ನೊಂದು ಪವರ್ ಸಪ್ಲೈ ಹಾಕಿ ನೋಡುವುದೇ ಒಳ್ಳೆಯದು. ಅದರ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರಬಹುದು. ಹಾಗೇ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ (ಪುಟ್ಟ ಡಬ್ಬಿಯಂಥ ಬಿಡಿಭಾಗಗಳು) ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಬೋರ್ಡ್ ಕೆಟ್ಟಿದೆ.

ಡಿಸ್ಕ್ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ಹೇಳುತ್ತದೆ. 'ಕಾಶನ್' ಎಂದರೆ ಹೊಸ ಡಿಸ್ಕ್ ಹುಡುಕಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ಮೂರು ದಿನ ಬಳಸಿ ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುವುದೇ ಇಲ್ಲ. ಕೊನೆಗೆ ಮದರ್‌ಬೋರ್ಡೇ ಕೆಟ್ಟಿದೆ ಅಂತಾದರೆ ಹಳೇ ಬೋರ್ಡ್ ಹುಡುಕಿ ದುಡ್ಡು ಸುರಿಯಬೇಡಿ. ಡಿಸ್ಕ್, ಕ್ಯಾಬಿನೆಟ್, ಚೆನ್ನಾಗಿದ್ದರೆ ಪವರ್ ಸಪ್ಲೈಯನ್ನೂ ಹೊಸ ಕಂಪ್ಯೂಟರ್‌ಗೆ ಬಳಸಿಕೊಳ್ಳಬಹುದು.