ಬರೀ ಕಾರ್ಡ್‌ಗಳ ಪ್ಯಾಕ್: ಕೊಳ್ಳುವ ಮೊದಲು ನಾನು ಮಾಡುವ ಪರೀಕ್ಷೆ

ಪುಟ್ಟ ಬೊಂಬೆಗಳನ್ನು ಮೇಜಿನ ಮೇಲೆ ಓಡಾಡಿಸಿ ಕಾದಾಡಿಸುವ ಮಿನಿಯೇಚರ್ ಆಟ ಆಡುವವರ ನಡುವೆ ಒಂದು ಜಗಳ ಮುಗಿಯೋದೇ ಇಲ್ಲ. ಬರೀ ಕಾರ್ಡ್‌ಗಳಿರುವ ಎಕ್ಸ್‌ಪ್ಯಾನ್ಷನ್ (ಮೂಲ ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ಯಾಕ್) ಬಂದರೆ ಒಬ್ಬರು "ಅಬ್ಬಾ, ಕೊನೆಗೂ ಬಂತು" ಅನ್ನುತ್ತಾರೆ. ಪಕ್ಕದವರು "ಒಳಗೆ ಬೊಂಬೆನೇ ಇಲ್ಲ, ಇದಕ್ಯಾಕೆ ದುಡ್ಡು" ಅನ್ನುತ್ತಾರೆ. ನಾನು ಮೊದಲನೆಯವರ ಕಡೆ, ಆದರೆ ಒಂದು ಷರತ್ತು ಇಟ್ಟುಕೊಂಡು. ಕಾರ್ಡ್ ಬಂದ ಮೇಲೆ ನನ್ನ ಹಳೇ ಬೊಂಬೆ ಮೇಜಿನ ಮೇಲೆ ಬೇರೆ ಥರ ಓಡಾಡಬೇಕು. ಬರೀ ಒಂದು ದಾಳ ಜಾಸ್ತಿ ಉರುಳಿಸಲು ಕಾರ್ಡ್ ಬೇಕಿಲ್ಲ ಅನ್ನುವುದು ನನ್ನ ವಾದ.

ಬೊಂಬೆ ಇಲ್ಲದಿದ್ದರೆ ಅದು ಮಿನಿಯೇಚರ್ ಆಟದ ಸಾಮಾನೇ ಅಲ್ಲ ಅನ್ನುವವರಿಗೆ ನಾನು ವಿಂಗ್ಸ್ ಆಫ್ ವಾರ್ ಆಟವನ್ನು ತೋರಿಸುತ್ತೇನೆ. 2004ರಲ್ಲಿ ಇಟಲಿಯ ಇಬ್ಬರು ಮಾಡಿದ ವಿಮಾನ ಕಾಳಗದ ಆಟ ಅದು. ಮೊದಲ ಪೆಟ್ಟಿಗೆಯಲ್ಲಿ ಒಂದೂ ವಿಮಾನ ಇರಲಿಲ್ಲ. ವಿಮಾನವೂ ಕಾರ್ಡೇ, ಅದರ ತಿರುವೂ ಕಾರ್ಡೇ. ತಿರುವಿನ ಕಾರ್ಡನ್ನು ಮುಂದಿಟ್ಟು, ಅದರ ಬಾಣದ ಗುರುತಿಗೆ ಸರಿಯಾಗಿ ವಿಮಾನದ ಕಾರ್ಡನ್ನು ಜರುಗಿಸಬೇಕು. ಪುಟ್ಟ ವಿಮಾನಗಳು ಬಂದಿದ್ದು ಆಮೇಲೆ. ಆದರೂ ಮೊದಲ ದಿನದಿಂದಲೇ ಅದು ಮಿನಿಯೇಚರ್ ಆಟದ ಹಾಗೇ ನಡೆಯುತ್ತಿತ್ತು. ಏಕೆಂದರೆ ಅಲ್ಲಿ ಕಾರ್ಡು ಮಾಡುತ್ತಿದ್ದ ಕೆಲಸವೇ ಓಡಾಟ.

ಇದಕ್ಕೆ ಉಲ್ಟಾ ಆದದ್ದು 2012ರಲ್ಲಿ ಬಂದ ಸ್ಟಾರ್ ವಾರ್ಸ್ ಎಕ್ಸ್-ವಿಂಗ್ ಆಟದಲ್ಲಿ. ಅಲ್ಲಿ ಬೊಂಬೆ ಅಂದರೆ ಶಿಪ್, ಪುಟ್ಟ ಬಾಹ್ಯಾಕಾಶ ನೌಕೆ. ಶಿಪ್ ಕೊಂಡರೆ ಅದರ ಪೆಟ್ಟಿಗೆಯಲ್ಲೇ ಅದಕ್ಕೆ ಹೆಚ್ಚಿನ ಬಲ ಕೊಡುವ ಅಪ್‌ಗ್ರೇಡ್ ಕಾರ್ಡ್‌ಗಳು ಬರುತ್ತಿದ್ದವು. ಕೇಳಲು ಚೆನ್ನಾಗಿದೆ. ಆದರೆ ಎಲ್ಲರಿಗೂ ಬೇಕಾದ ಪುಶ್ ದ ಲಿಮಿಟ್ ಕಾರ್ಡ್ ಮೊದಲು ಬಂದದ್ದು ಬಂಡುಕೋರರ ಎ-ವಿಂಗ್ ಪೆಟ್ಟಿಗೆಯಲ್ಲಿ. ಆಟೋಥ್ರಸ್ಟರ್ಸ್ ಬಂದದ್ದು ಸ್ಟಾರ್‌ವೈಪರ್ ಜೊತೆ. ಎದುರು ಬಣವಾದ ಸಾಮ್ರಾಜ್ಯದ ಟೈ ಇಂಟರ್ಸೆಪ್ಟರ್ ಶಿಪ್ ಹಾರಿಸುವವರಿಗೆ ಈ ಎರಡೂ ಕಾರ್ಡ್ ಬೇಕಿತ್ತು, ಆ ಎರಡೂ ಶಿಪ್ ಬೇಕಿರಲಿಲ್ಲ. ಹಗ್ಗ ಬೇಕು ಅಂತ ಎಮ್ಮೆ ಕೊಂಡ ಹಾಗೆ. ಮೊದಲ ಕಂತಿನಲ್ಲೇ ಬಂದು ಸಪ್ಪೆ ಅನ್ನಿಸಿಕೊಂಡಿದ್ದ ಟೈ ಅಡ್ವಾನ್ಸ್ಡ್‌ಗೆ ಜೀವ ಕೊಟ್ಟ ಕಾರ್ಡ್‌ಗಳಂತೂ 2015ರ ಇಂಪೀರಿಯಲ್ ರೈಡರ್ ಅನ್ನುವ ದೈತ್ಯ ಶಿಪ್ಪಿನ ಪೆಟ್ಟಿಗೆಯಲ್ಲಿದ್ದವು. ಮಾಮೂಲಿ ಆಟದಲ್ಲಿ ಆ ರೈಡರ್ ಇಳಿಸುವ ಹಾಗೇ ಇರಲಿಲ್ಲ, ಅದು ದೊಡ್ಡ ಆಟಗಳಿಗೆ ಮಾತ್ರ. ಚಕ್ರವರ್ತಿ ಪಾಲ್ಪಟೀನನ ಕಾರ್ಡೂ ಅದರೊಳಗೇ ಇತ್ತು. ಇದನ್ನೆಲ್ಲ ನೋಡಿದ ಮೇಲೆ "ಬರೀ ಕಾರ್ಡ್ ಯಾಕೆ ಮಾರುತ್ತಾರೆ" ಅನ್ನುವ ಪ್ರಶ್ನೆ ನನಗೆ ವಿಚಿತ್ರವಾಗಿ ಕಾಣುತ್ತದೆ. ಬರೀ ಕಾರ್ಡ್ ಮಾರದೇ ಇದ್ದಾಗ ಏನಾಯಿತು ಅಂತ ನೋಡಿದ್ದೇವಲ್ವಾ?

2018ರಲ್ಲಿ ಎರಡನೇ ಆವೃತ್ತಿ ಬಂದಾಗ ಕನ್ವರ್ಷನ್ ಕಿಟ್ ಅಂತ ಬಂತು. ಅದರಲ್ಲಿ ಪ್ಲಾಸ್ಟಿಕ್ ಶಿಪ್ಪೇ ಇಲ್ಲ. ಕಾರ್ಡು, ಶಿಪ್ಪಿನ ನಡೆ ಆರಿಸುವ ಡಯಲ್, ಶಿಪ್ ನಿಲ್ಲುವ ಬೇಸಿನ ಮೇಲಿಡುವ ರಟ್ಟಿನ ಚೌಕಗಳು, ಅಷ್ಟೇ. ಹಳೇ ಶಿಪ್‌ಗಳೆಲ್ಲ ಹೊಸ ಆಟಕ್ಕೆ ಬಂದವು. ಬರೀ ಕಾಗದ ರಟ್ಟಿನ ಪೆಟ್ಟಿಗೆಯಿಂದ ಏನು ಉಪಯೋಗ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಈಗ ನನ್ನ ಪರೀಕ್ಷೆಗೆ ಬರುತ್ತೇನೆ. ಹೊಸ ಕಾರ್ಡಿನ ಮಾತುಗಳು ಹೊರಬಿದ್ದ ತಕ್ಷಣ ನಾನು ಕೊಳ್ಳುವುದಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. 63×88 ಮಿಲಿಮೀಟರಿನ ಹಳೇ ಇಸ್ಪೀಟ್ ಎಲೆಯನ್ನು ಸ್ಲೀವ್‌ಗೆ (ಕಾರ್ಡಿನ ಪಾರದರ್ಶಕ ಕವರಿಗೆ) ಹಾಕಿ, ಅದರ ಮುಂದೆ ಚೀಟಿ ತೂರಿಸಿದರೆ ಕೈಗೆ ನಿಜವಾದ ಕಾರ್ಡಿನ ಹಾಗೇ ಸಿಗುತ್ತದೆ. ಆಮೇಲೆ ಅವೇ ಎರಡು ಪಡೆಗಳನ್ನು ಇಟ್ಟುಕೊಂಡು ಒಮ್ಮೆ ಕಾರ್ಡ್ ಇಲ್ಲದೆ, ಒಮ್ಮೆ ಕಾರ್ಡ್ ಹಾಕಿ ಆಡುತ್ತೇವೆ. ಎದುರಾಳಿಯೂ ಅದೇ ಜನ, ಅಡ್ಡಿಗಳೂ ಅದೇ ಜಾಗದಲ್ಲಿ. ಗೆದ್ದವರು ಯಾರು ಅಂತ ನಾನು ಬರೆದಿಡುವುದಿಲ್ಲ, ದಾಳದ ಆಟದಲ್ಲಿ ಅದರಿಂದ ತಿಳಿಯುವುದು ಕಡಿಮೆ. ನನ್ನ ಬೊಂಬೆ ಯಾವ ದಾರಿ ಹಿಡಿಯಿತು, ಎದುರಿನವರು ಅದಕ್ಕೆ ತಮ್ಮ ದಾರಿ ಬದಲಿಸಿದರಾ, ಅಷ್ಟನ್ನು ಗಮನಿಸುತ್ತೇನೆ.

ಎಕ್ಸ್-ವಿಂಗ್ ಆಟದ ಟೈ ಡಿಫೆಂಡರ್‌ನ ಎಕ್ಸ್7 ಕಾರ್ಡನ್ನು ಹೀಗೇ ಆಡಿ ನೋಡಿದ್ದು. ಮೊದಲ ಆವೃತ್ತಿಯಲ್ಲಿ ಡಿಫೆಂಡರ್ 2014ರಲ್ಲಿ ಬಂತು. ಗಟ್ಟಿ ಶಿಪ್, ಆದರೆ ಪಡೆ ಕಟ್ಟುವಾಗ ಅದಕ್ಕೆ ತೆರಬೇಕಾದ ಪಾಯಿಂಟ್ ಜಾಸ್ತಿ. ನೂರು ಪಾಯಿಂಟಿನ ಸ್ಕ್ವಾಡಿನಲ್ಲಿ ಅದಕ್ಕೆ ಜಾಗ ಮಾಡುವುದು ತ್ರಾಸು. 2016ರಲ್ಲಿ ಎಕ್ಸ್7 ಬಂದಾಗ ಅದರ ಷರತ್ತು ಹೀಗಿತ್ತು: ಕ್ಯಾನನ್ನೂ ಮಿಸೈಲೂ ಬಿಟ್ಟುಕೊಡಬೇಕು, ಬದಲಿಗೆ 3, 4 ಅಥವಾ 5ರ ವೇಗದಲ್ಲಿ ಹೋದರೆ ಏಟು ತಪ್ಪಿಸಿಕೊಳ್ಳಲು ಬಳಸುವ ಒಂದು ಇವೇಡ್ ಟೋಕನ್ ಪುಕ್ಕಟೆ. ಓದಿದರೆ ಇದು ಬರೀ ರಕ್ಷಣೆಯ ಕಾರ್ಡ್ ಅನ್ನಿಸುತ್ತದೆ. ಮೇಜಿಗೆ ಬಂದರೆ ಕಥೆಯೇ ಬೇರೆ. ಶಿಪ್ಪಿನ ಬೇಸ್ 40 ಮಿಲಿಮೀಟರ್, 4ರ ವೇಗದ ಅಳತೆಪಟ್ಟಿ 160. ಅಂದರೆ ಒಂದು ನೇರ ಓಟಕ್ಕೆ 200 ಮಿಲಿಮೀಟರ್ ಮುಂದೆ. ಆಟದ ಜಾಗ ಮೂರಡಿ ಚೌಕ. ಟೋಕನ್ ಆಸೆಗೆ ಹಾಗೇ ನೇರ ಓಡುತ್ತಾ ಹೋದರೆ ನಾಲ್ಕು ಸುತ್ತಿನಲ್ಲಿ ಎದುರಿನ ಅಂಚಿನ ಹತ್ತಿರ ಬಂದೇಬಿಡುತ್ತದೆ, ಅಂಚು ದಾಟಿದರೆ ಶಿಪ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಅದುವರೆಗೆ ಬಂಡೆಗಳ ನಡುವೆ ಮೆಲ್ಲಗೆ ನುಸುಳುತ್ತಿದ್ದ ಡಿಫೆಂಡರ್ ಈಗ ಮೇಜಿನ ಅಂಚಿನಗುಂಟ ದೊಡ್ಡ ಸುತ್ತು ಹಾಕತೊಡಗಿತು. ಅದರ 4ರ ಕೆ-ಟರ್ನ್ (ಮುಂದೆ ಹೋಗಿ ಹಿಂದಕ್ಕೆ ಮುಖ ತಿರುಗಿಸುವ ನಡೆ) ಡಯಲ್‌ನಲ್ಲಿ ಬಿಳಿ ಬಣ್ಣದ್ದು, ಬೇರೆ ಶಿಪ್‌ಗಳ ಹಾಗೆ ಆ್ಯಕ್ಷನ್ ತಡೆಯುವ ಒತ್ತಡದ ಟೋಕನ್ ಬೀಳುವುದಿಲ್ಲ. ಹಿಂದಕ್ಕೆ ತಿರುಗಿ ನಿಲ್ಲುತ್ತದೆ, ಇವೇಡೂ ಸಿಗುತ್ತದೆ, ಮಾಮೂಲಿ ಆ್ಯಕ್ಷನ್ನೂ ಉಳಿಯುತ್ತದೆ. ಎದುರಿದ್ದವರು ಅದನ್ನು ಅಟ್ಟಿಸಿಕೊಂಡು ಹೋಗುವುದು ಬಿಟ್ಟು, ಅದು ಬಂದು ಬೀಳುವ ಜಾಗದಲ್ಲಿ ತಮ್ಮ ಶಿಪ್ ಅಡ್ಡ ನಿಲ್ಲಿಸಲು ಶುರು ಮಾಡಿದರು. ಒಂದು ಚೀಟಿ ಎರಡೂ ಕಡೆಯ ಓಡಾಟ ಬದಲಿಸಿತು. ಇಂಥ ಕಾರ್ಡಿಗೆ ನಾನು ಕಣ್ಣು ಮುಚ್ಚಿ ದುಡ್ಡು ಕೊಡುತ್ತೇನೆ. (ಅದು ಬಂದದ್ದು ಎರಡು ಶಿಪ್‌ಗಳ ಪೆಟ್ಟಿಗೆಯಲ್ಲಿ ಅನ್ನುವುದು ಬೇರೆ ಮಾತು.)

ಮುಂದಿನ ವರ್ಷ ಆ ಕಾರ್ಡಿಗೆ ತಿದ್ದುಪಡಿ ಬಂತು. ಬೇರೆ ಶಿಪ್‌ಗೆ ಅಥವಾ ಬಂಡೆಗೆ ತಾಗಿದರೆ ಇವೇಡ್ ಇಲ್ಲ ಅಂತಾಯಿತು. ಕಾರ್ಡಿನ ಮೇಲೆ ಅಚ್ಚಾಗಿದ್ದು ಒಂದು, ನಿಯಮ ಹೇಳುವುದು ಇನ್ನೊಂದು. ಕಾರ್ಡ್ ಪ್ಯಾಕ್‌ಗಳ ನಿಜವಾದ ತೊಂದರೆ ಇದೇ ಅಂತ ನನಗನ್ನಿಸುತ್ತದೆ. ಪ್ಲಾಸ್ಟಿಕ್ ಬೊಂಬೆ ಹಳತಾಗುವುದಿಲ್ಲ, ಅಚ್ಚಾದ ಮಾತು ಹಳತಾಗುತ್ತದೆ. ಎಕ್ಸ್-ವಿಂಗ್ ಎರಡನೇ ಆವೃತ್ತಿಯಲ್ಲಿ ಪಾಯಿಂಟ್‌ಗಳನ್ನು ಕಾರ್ಡಿನ ಮೇಲೆ ಅಚ್ಚು ಹಾಕುವುದನ್ನೇ ಬಿಟ್ಟು ಆ್ಯಪ್‌ಗೂ ಪಿಡಿಎಫ್‌ಗೂ ಸಾಗಿಸಿದ್ದು ಇದಕ್ಕೇ. 2023ರಲ್ಲಿ ವಾರ್‌ಹ್ಯಾಮರ್ 40,000 ಹತ್ತನೇ ಆವೃತ್ತಿಗೆ ಬಂದಾಗ ಎಲ್ಲ ಪಡೆಗಳ ಇಂಡೆಕ್ಸ್ (ನಿಯಮದ) ಹಾಳೆಗಳನ್ನೂ ಪುಕ್ಕಟೆ ಪಿಡಿಎಫ್ ಆಗಿ ಕೊಟ್ಟರು. ನಾನು ಮಾಡುವುದು ಸರಳ: ತಿದ್ದಿದ ಸಾಲನ್ನು ಸಣ್ಣ ಪಟ್ಟಿಯಲ್ಲಿ ಬರೆದು, ಕಾರ್ಡಿನ ಮೇಲಲ್ಲ, ಸ್ಲೀವ್ ಒಳಗೆ ಆ ಸಾಲು ಮುಚ್ಚುವ ಹಾಗೆ ಸೇರಿಸುತ್ತೇನೆ. ಅಂಟು ಬಳಸುವುದಿಲ್ಲ, ನಾಳೆ ಮತ್ತೆ ತಿದ್ದುತ್ತಾರೆ.

ಸಂಖ್ಯೆ ಬದಲಿಸುವ ಕಾರ್ಡೆಲ್ಲ ದಂಡ ಅಂತಲ್ಲ. ಟೈ ಅಡ್ವಾನ್ಸ್ಡ್‌ಗೆ ಬಂದ ಅಡ್ವಾನ್ಸ್ಡ್ ಟಾರ್ಗೆಟಿಂಗ್ ಕಂಪ್ಯೂಟರ್ ಕಾರ್ಡ್ ಮಾಡಿದ್ದು ಇಷ್ಟೇ: ಗುರಿ ಹಿಡಿದಿದ್ದರೆ ದಾಳಿಗೆ ಒಂದು ಕ್ರಿಟಿಕಲ್ ಏಟು ಸೇರಿಸುವುದು. ನನ್ನ ಅಳತೆಗೋಲಿನಲ್ಲಿ ಅದು ಪಾಸಾಗಬಾರದು. ಆದರೆ ಶೆಲ್ಫಿನಲ್ಲಿದ್ದ ಶಿಪ್ಪನ್ನು ಮೇಜಿಗೆ ತಂದಿದ್ದು ಅದೇ. ಹೀಗೆ ಕಡೆಗಣಿಸಿದ ಬೊಂಬೆಗೆ ಬರುವ ರಿಪೇರಿ ಕಾರ್ಡಿಗೆ ನಾನು ವಿನಾಯಿತಿ ಕೊಡುತ್ತೇನೆ. ಆಗಲೇ ಮೆರೆಯುತ್ತಿರುವ ಬೊಂಬೆಗೆ ಇನ್ನೊಂದು ದಾಳ ಕೊಡುವ ಕಾರ್ಡಿಗೆ ಮಾತ್ರ ಕೊಡುವುದಿಲ್ಲ.

ವಾರ್‌ಹ್ಯಾಮರ್ ಅಂಡರ್‌ವರ್ಲ್ಡ್ಸ್ ಆಡುವವರು ಇಲ್ಲಿ ನನ್ನನ್ನು ತಡೆಯುತ್ತಾರೆ. ಅಲ್ಲಿ ಕಾರ್ಡ್‌ಗಳ ಕಟ್ಟೇ ಅರ್ಧ ಆಟ, ಅಂಕ ತರುವ ಗುರಿಗಳ 12 ಆಬ್ಜೆಕ್ಟಿವ್, ಬೊಂಬೆಗಳಿಗೆ ಬಲ ಕೊಡುವ ಕನಿಷ್ಠ 20 ಪವರ್ ಕಾರ್ಡ್. 2017ರಲ್ಲಿ ಶುರುವಾದಾಗ ಅಲ್ಲೂ ಇದೇ ಗೋಳು, ಎಲ್ಲ ಪಡೆಗೂ ಹೊಂದುವ ಕಾರ್ಡ್‌ಗಳನ್ನು ಬೇರೆ ಬೇರೆ ಪಡೆಗಳ ಪೆಟ್ಟಿಗೆಗಳಲ್ಲಿ ಹಂಚಿಬಿಟ್ಟಿದ್ದರು. ಆಮೇಲೆ ಪ್ರತ್ಯೇಕವಾಗಿ ಮಾರಿದ ರೈವಲ್ಸ್ ಡೆಕ್‌ಗಳಿಂದ (ಸಿದ್ಧ ಕಾರ್ಡ್ ಕಟ್ಟುಗಳಿಂದ) ಉಸಿರಾಡುವಂತಾಯಿತು. ಒಂದು ಕಟ್ಟು ಕೊಂಡರೆ ಯಾವ ಪಡೆ ಬೇಕಾದರೂ ಆಡಿಸಬಹುದು. ಅಲ್ಲಿ ಕೂಡ ನಾನು ನೋಡುವುದು ಆಬ್ಜೆಕ್ಟಿವ್‌ಗಳನ್ನೇ. ಎದುರಾಳಿಯ ಜಾಗಕ್ಕೆ ನುಗ್ಗಿ ನಿಲ್ಲು ಅನ್ನುವ ಡೆಕ್ಕಾ, ಇದ್ದಲ್ಲೇ ಕೂತು ಅಂಕ ಎಣಿಸುವ ಡೆಕ್ಕಾ? ಎರಡನೆಯದರಲ್ಲಿ ಬೊಂಬೆಗಳ ಬದಲು ಗುಂಡಿ ಇಟ್ಟರೂ ವ್ಯತ್ಯಾಸ ತಿಳಿಯುವುದಿಲ್ಲ.

ಓದುವ ಹೊರೆಯೂ ಇದೆ. ಕಾರ್ಡ್ ಜಾಸ್ತಿಯಾದಷ್ಟೂ ಜನ ಮೇಜು ನೋಡುವುದು ಬಿಟ್ಟು ತಮ್ಮ ಮುಂದಿನ ಕಾರ್ಡ್ ಸಾಲನ್ನೇ ನೋಡುತ್ತಾ ಕೂರುತ್ತಾರೆ. ಅಷ್ಟು ಚಂದ ಬಣ್ಣ ಬಳಿದು, ಬೇಸಿಗೆ ಮರಳು ಹುಲ್ಲು ಅಂಟಿಸಿ ತಂದದ್ದು ಯಾರ ಕಣ್ಣಿಗೆ? ನಾವು ನಮ್ಮೊಳಗೆ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ, ಅಪ್‌ಗ್ರೇಡ್ ಇರುವ ಆಟಗಳಲ್ಲಿ ಒಂದು ಬೊಂಬೆಗೆ ಎರಡೇ ಕಾರ್ಡ್. ಹೊಸಬರ ಮೊದಲ ಆಟದಲ್ಲಿ ಒಂದೂ ಇಲ್ಲ. ಆಟದ ನಡುವೆ ಮತ್ತೆ ಮತ್ತೆ ಎತ್ತಿ ಓದಬೇಕಾದ ಕಾರ್ಡನ್ನು ಮುಂದಿನ ಸಲ ತರುವುದಿಲ್ಲ, ಅದೆಷ್ಟೇ ಜೋರಾಗಿದ್ದರೂ.

ಹೊಸ ಪಾತ್ರದ ಕಾರ್ಡ್ ಕೊಟ್ಟು ಬೊಂಬೆ ಕೊಡದಿದ್ದರೆ? ಅದು ಆಟದ ಮೇಲೆ ಹೋಗುತ್ತದೆ. ಚೌಕಗಳ ನಕ್ಷೆಯ ಮೇಲೆ ಆಡುವ ಇಂಪೀರಿಯಲ್ ಅಸಾಲ್ಟ್ ಅನ್ನುವ ಇನ್ನೊಂದು ಸ್ಟಾರ್ ವಾರ್ಸ್ ಆಟದಲ್ಲಿ ಹಲವು ಪಾತ್ರಗಳಿಗೆ ಪೆಟ್ಟಿಗೆಯಲ್ಲಿ ರಟ್ಟಿನ ಟೋಕನ್ ಬರುತ್ತಿತ್ತು, ಬೊಂಬೆಯನ್ನು ಬೇರೆ ಕೊಳ್ಳಬೇಕು. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ಕಣ್ಣಿಗೆ ಕಾಣುತ್ತದಾ ಇಲ್ಲವಾ ಅನ್ನುವುದನ್ನು ಚೌಕದ ಮೂಲೆಗಳಿಂದ ಲೆಕ್ಕ ಹಾಕುತ್ತಾರೆ. ವಾರ್‌ಹ್ಯಾಮರ್ 40,000ದಂಥ ಆಟದಲ್ಲಿ ನಡೆಯುವುದಿಲ್ಲ. ಅಲ್ಲಿ ಬೊಂಬೆಯ ಹಿಂದಿನಿಂದ ಬಗ್ಗಿ ನೋಡಿ, ಗೋಡೆಯ ಆಚೆ ಭುಜ ಕಂಡರೆ ಗುಂಡು ಹಾರಿಸುವುದು. ರಟ್ಟಿನ ಬಿಲ್ಲೆಗೆ ಭುಜ ಎಲ್ಲಿಂದ ಬರಬೇಕು? ಇಂಥ ಆಟಗಳಿಗೆ ಹಳೇ ಬೊಂಬೆಗೇ ಹೊಸ ಕೆಲಸ ಕೊಡುವ ಕಾರ್ಡ್ ಸರಿ, ಹೊಸ ಜೀವಿಯ ಕಾರ್ಡ್ ಬೇಡ.

ಇಷ್ಟರಲ್ಲಿ ನನ್ನ ಪಕ್ಷಪಾತವನ್ನೂ ಹೇಳಿಬಿಡಬೇಕು. ನಾನು ಬಣ್ಣ ಬಳಿಯುವುದರಲ್ಲಿ ತುಂಬಾ ನಿಧಾನ. ಪ್ರೈಮರ್ (ಅಡಿಬಣ್ಣ) ಹೊಡೆಸಿಕೊಂಡು ಬೂದು ಬಣ್ಣದಲ್ಲೇ ನಿಂತ ಬೊಂಬೆಗಳು ನನ್ನ ಹತ್ತಿರ ಯಾವಾಗಲೂ ಇರುತ್ತವೆ. ಕಾರ್ಡ್ ಪ್ಯಾಕ್ ಬಂದಾಗ ಹೊಸ ರಾಶಿ ಬೆಳೆಯುವುದಿಲ್ಲ, ಹಳೇ ರಾಶಿಯಿಂದ ಯಾವುದೋ ಒಂದು ಎದ್ದು ಬಂದು "ಈಗ ನನಗೂ ಕೆಲಸ ಇದೆ" ಅನ್ನುತ್ತದೆ. ಕುಂಚ ಹಿಡಿಯುವುದೇ ಆಟದ ಮುಖ್ಯ ಖುಷಿ ಅನ್ನುವವರಿಗೆ ಕಾರ್ಡ್ ಪ್ಯಾಕ್ ಬೇಸರ ತರುವುದು ಸಹಜ, ಅವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು ಪ್ರತಿಗಳ ಲೆಕ್ಕ. ಪ್ಯಾಕಿನಲ್ಲಿ ಒಂದೇ ಕಾರ್ಡಿನ ಎರಡು ಪ್ರತಿ ಇದ್ದು, ನಿಮ್ಮ ಪಡೆಗೆ ಮೂರು ಬೇಕಾದರೆ ಇನ್ನೊಂದು ಪ್ಯಾಕ್ ಕೊಳ್ಳಲು ಕೈ ತುರಿಸುತ್ತದೆ. ನಮ್ಮ ಗುಂಪಿನಲ್ಲಿ ಒಂದು ಅಸಲಿ ಪ್ರತಿ ಮೇಜಿನ ಮೇಲಿದ್ದರೆ ಉಳಿದವಕ್ಕೆ ಚೀಟಿ ನಡೆಯುತ್ತದೆ. ಟೂರ್ನಮೆಂಟ್‌ಗೆ ಹೋಗುವವರು ಆಯೋಜಕರನ್ನು ಮೊದಲೇ ಕೇಳಿಕೊಳ್ಳುತ್ತಾರೆ. ಅಸಲಿ ಕಾರ್ಡೇ ಬೇಕು ಅಂದರೆ ಆಗ ಬೇರೆಯವರಿಂದ ಎರವಲು ತರುತ್ತಾರೆ, ಎರಡನೇ ಪ್ಯಾಕ್ ಕೊಂಡವರು ನಮ್ಮಲ್ಲಿ ಇನ್ನೂ ಯಾರೂ ಇಲ್ಲ.