ಈನಮ್‌ಗೂ ಲುಕಪ್ ಟೇಬಲ್‌ಗೂ ತಾಳೆ ತಪ್ಪಿದಾಗ

ಮಲ್ಪೆ ಬಂದರಿನ ಮೀನು ಬಿಲ್ಲಿಂಗ್‌ನಲ್ಲಿ ಬಂಗುಡೆಗೆ ಬೂತಾಯಿ ಎಂದು ಪ್ರಿಂಟ್ ಬರುತ್ತಿತ್ತು. ಈನಮ್‌ನಲ್ಲಿ (ಕೋಡಿನೊಳಗೆ ನಂಬರ್‌ಗಳಿಗೆ ಹೆಸರು ಕೊಟ್ಟ ಪಟ್ಟಿ) 3 ಅಂದರೆ ಬಂಗುಡೆ, ಲೈವ್ ಡೇಟಾಬೇಸಿನ ಲುಕಪ್ ಟೇಬಲ್‌ನಲ್ಲಿ (ಐಡಿ ಮತ್ತು ಹೆಸರುಗಳ ಟೇಬಲ್) 3 ಬೂತಾಯಿ. ಬಿಲ್ಲಿನಲ್ಲಿರುವ ಐಡಿ ಲುಕಪ್ ಟೇಬಲ್‌ನಲ್ಲಿ ಇದೆಯೇ ಎಂದು ನೋಡುವ ಫಾರಿನ್ ಕೀ ಇದನ್ನು ಹಿಡಿಯುವುದಿಲ್ಲ. ಅದಕ್ಕೆ 3 ಇದ್ದರೆ ಸಾಕು. ಮೂಲ ಕಾರಣ ಆಟೋ ಇನ್‌ಕ್ರಿಮೆಂಟ್, ಅಂದರೆ ಡೇಟಾಬೇಸ್ ತಾನೇ ಮುಂದಿನ ಐಡಿ ಕೊಡುವುದು: ಹೆಚ್ಚಿನ ಡೇಟಾಬೇಸ್‌ಗಳಲ್ಲಿ ರೋಲ್‌ಬ್ಯಾಕ್ ಆದ (ರದ್ದಾದ) ಇನ್ಸರ್ಟ್ ಕೂಡ ಒಂದು ನಂಬರ್ ತಿಂದುಬಿಡುತ್ತದೆ, ಟೆಸ್ಟ್ ಮತ್ತು ಲೈವ್ ಐಡಿಗಳು ಬೇರೆಯಾಗುತ್ತವೆ.

ಬಿಲ್‌ಗಳಲ್ಲಿ ಕೂತಿದ್ದು ಕೋಡಿನ ನಂಬರೇ ಆದ್ದರಿಂದ ಅವನ್ನು ಮುಟ್ಟದೆ ಲುಕಪ್ ಸಾಲುಗಳ ಹೆಸರನ್ನಷ್ಟೇ ಅದಲುಬದಲು ಮಾಡಿದೆ. ಹೆಸರಿಗೆ ಯೂನಿಕ್ (ಒಂದೇ ಹೆಸರು ಎರಡು ಸಾಲಿನಲ್ಲಿ ಬರಬಾರದೆಂಬ ನಿಯಮ) ಇದ್ದರೆ ಒಂದೊಂದೇ ಸಾಲಿನ ನೇರ ಅಪ್‌ಡೇಟ್ ಎರರ್ ಕೊಡುತ್ತದೆ. ಮೊದಲು ಒಂದಕ್ಕೆ ತಾತ್ಕಾಲಿಕ ಹೆಸರು ಕೊಡಬೇಕು, ಎಲ್ಲವೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಪೂರ್ತಿ ರದ್ದಾಗುವ ಗುಂಪಿನಲ್ಲಿ).

ಆಮೇಲೆ ಆಟೋ ಇನ್‌ಕ್ರಿಮೆಂಟ್ ತೆಗೆದು, ಐಡಿಗಳನ್ನು ಮೈಗ್ರೇಶನ್ ಫೈಲಿನಲ್ಲೇ (ಡೇಟಾಬೇಸ್ ಬದಲಾವಣೆಗಳನ್ನು ಬರೆದಿಡುವ ಫೈಲ್) ಬರೆದಿಟ್ಟೆ. ಆ್ಯಪ್ ಶುರುವಾಗುವಾಗ ಈನಮ್ ಮತ್ತು ಟೇಬಲ್ ಎರಡೂ ಕಡೆಯಿಂದ ತಾಳೆ ನೋಡುತ್ತದೆ, ವ್ಯತ್ಯಾಸ ಕಂಡರೆ ಅಲ್ಲೇ ನಿಲ್ಲುತ್ತದೆ. ತಪ್ಪು ಬಿಲ್ಲಿಗಿಂತ ನಿಂತ ಆ್ಯಪ್ ಎಷ್ಟೋ ವಾಸಿ. ಬಳಕೆ ತಪ್ಪಿದ ಸಾಲನ್ನು ಅಳಿಸಬೇಡಿ, ಸಕ್ರಿಯ ಕಾಲಮ್‌ಗೆ 0 ಹಾಕಿ.