ಮಗುವಿನ ಮೊದಲ ಕಾನ್ಸರ್ಟ್: ಕಿವಿ ಮೊದಲು, ಹಾಡು ಆಮೇಲೆ

ಆರು ವರ್ಷದ ಮಗುವಿಗೆ ಒಂದು ಹಾಡು ಬಾಯಿಪಾಠ ಆಯಿತೆಂದರೆ ಮನೆಮಂದಿಗೆಲ್ಲ ಆದಂತೆ. ಕಾರಲ್ಲಿ ಅದೇ, ಸ್ನಾನದ ಮನೆಯಲ್ಲಿ ಅದೇ, ಊಟಕ್ಕೆ ಕೂತರೂ ಅದೇ. ಹೀಗಿರುವಾಗ ಆ ಹಾಡು ಹಾಡಿದವರೇ ಊರಿಗೆ ಬರುತ್ತಾರೆ ಅಂತ ಸುದ್ದಿ ಬಂದರೆ ಸುಮ್ನೆ ಕೂರುವುದು ಕಷ್ಟ. ಅದರಲ್ಲೂ ಈಗ ಬೆಂಗಳೂರಿಗೆ ಬಾರದವರೇ ಇಲ್ಲ. 2025ರ ಫೆಬ್ರುವರಿ 8 ಮತ್ತು 9ರಂದು ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಮಾದಾವರದ ಬಳಿಯ ನೈಸ್ ಮೈದಾನದಲ್ಲಿ ಎರಡು ಸಂಜೆ ಹಾಡಿ ಹೋದರು. ಮೈಸೂರಿನಲ್ಲಿ ದಸರಾ ಬಂದರೆ ಯುವ ದಸರಾ ಇದ್ದೇ ಇದೆ.

ದೊಡ್ಡವರು ಹೋಗುವಾಗ ಯಾರು ಹಾಡುತ್ತಾರೆ, ಎಷ್ಟು ಹತ್ತಿರದಿಂದ ನೋಡಬಹುದು ಅಂತ ಯೋಚಿಸುತ್ತಾರೆ. ಮಗು ಜೊತೆಗಿದ್ದರೆ ಲೆಕ್ಕ ತಿರುಗುತ್ತದೆ. ಸ್ಟೇಜಿಗೆ ಎಷ್ಟು ದೂರ, ಹೊರಗೆ ಹೋಗುವ ದಾರಿಗೆ ಎಷ್ಟು ಹತ್ತಿರ ಅಂತ ನೋಡಬೇಕು. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುತ್ತದೆ.

ಮೊದಲು ಒಂದು ರಿಹರ್ಸಲ್

ಟಿಕೆಟ್ ತೆಗೆಯುವ ಮೊದಲೇ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ಗಣೇಶೋತ್ಸವದಲ್ಲೋ ನವೆಂಬರ್‌ನ ರಾಜ್ಯೋತ್ಸವದಲ್ಲೋ ಆರ್ಕೆಸ್ಟ್ರಾ ಇರುತ್ತದಲ್ವಾ, ಅದಕ್ಕೆ ಮಗುವನ್ನು ಕರೆದುಕೊಂಡು ಹೋಗಿ. ದುಡ್ಡಿಲ್ಲ, ಮನೆ ಪಕ್ಕದಲ್ಲೇ, ಸಾಕೆನಿಸಿದರೆ ಐದು ನಿಮಿಷದಲ್ಲಿ ಮನೆ. ದೂರ ನಿಂತು ಮಗುವಿನ ಮುಖ ನೋಡಿ, ಹಾಡುವವರ ಮುಖ ಅಲ್ಲ. ಡ್ರಮ್ಸ್ ಬಡಿದಾಗ ಎದೆಯೊಳಗೆ ಧಡ್ ಅನ್ನುತ್ತದೆ. ಕೆಲವು ಮಕ್ಕಳು ಅದಕ್ಕೆ ನಕ್ಕು ಕುಣಿಯುತ್ತಾರೆ. ಕೆಲವರು ಕಿವಿ ಮುಚ್ಚಿಕೊಂಡು ನಿಮ್ಮ ಕಾಲಿಗೆ ಆತುಕೊಳ್ಳುತ್ತಾರೆ. ಎರಡನೆಯ ಗುಂಪಿನ ಮಗುವಾದರೆ ಒಂದು ವರ್ಷ ಬಿಟ್ಟು ನೋಡಿ. ಐದು ವರ್ಷದೊಳಗಿನವರಿಗೆ ದೊಡ್ಡ ಮೈದಾನದ ಶೋ ಬೇಡವೇ ಬೇಡ ಅನ್ನುವವಳು ನಾನು. ಕಂಕುಳಲ್ಲಿ ಮಗು ನಿದ್ದೆ ಮಾಡುತ್ತಿದೆ, ಸ್ಪೀಕರ್ ಕೂಗುತ್ತಿದೆ ಅಂದರೆ ಆ ಟಿಕೆಟ್ ಅಪ್ಪ–ಅಮ್ಮನದು, ಮಗುವಿನದಲ್ಲ.

ಯಾರ ಶೋ ಅನ್ನುವುದನ್ನೂ ಮಗುವೇ ಹೇಳಲಿ. ನೀವು ಕಾಲೇಜಿನಲ್ಲಿ ಕೇಳಿದ ಬ್ಯಾಂಡ್ ಅದಕ್ಕೆ ಬೇಕಿಲ್ಲ. ಎದ್ದು ಕುಣಿಯುವಂಥ ಹಾಡುಗಾರರು ಸಿಕ್ಕರೆ ಒಳ್ಳೆಯದು. ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಸ್ಟೇಜ್ ಮೇಲೆ ಕುಣಿಯುವಾಗ ಭಾಷೆ ಅರ್ಥ ಆಗದ ಮಗುವೂ ಕಾಲು ಎತ್ತುತ್ತದೆ.

ಟಿಕೆಟ್ ತೆಗೆಯುವಾಗ

ಟಿಕೆಟ್ ಮಾರುವ ಆ್ಯಪ್ ಬುಕ್‌ಮೈಶೋ ಇರಲಿ, ಡಿಸ್ಟ್ರಿಕ್ಟ್ ಇರಲಿ, ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ನಿಯಮಗಳಿರುತ್ತವೆ. ಯಾರೂ ಓದುವುದಿಲ್ಲ, ನೀವು ಓದಿ. ಎಷ್ಟು ವರ್ಷದವರಿಗೆ ಪ್ರವೇಶ, ಮಗುವಿಗೆ ಬೇರೆ ಟಿಕೆಟ್ ಬೇಕಾ, ಒಂದು ಸಲ ಹೊರಗೆ ಬಂದರೆ ಮತ್ತೆ ಒಳಗೆ ಬಿಡುತ್ತಾರಾ, ಇಷ್ಟು ನೋಡಿದರೆ ಸಾಕು. ವಯಸ್ಸಿನ ನಿಯಮ ಶೋದಿಂದ ಶೋಗೆ ಬೇರೆ. ಮದ್ಯ ಮಾರುವ ಜಾಗವಾದರೆ ಇನ್ನೂ ಬಿಗಿ. ಹೋದ ಸಲ ಬಿಟ್ಟಿದ್ದರು ಅಂತ ಹೋದರೆ ಗೇಟಿನಲ್ಲಿ ಅಳುವ ಮಗುವಿನ ಜೊತೆ ವಾಪಸ್ ಬರಬೇಕಾದೀತು.

ಸ್ಟೇಜ್ ಮುಂದಿನ ಫ್ಯಾನ್ ಪಿಟ್ ಮಗುವಿಗಲ್ಲ. ನಿಂತು ನೋಡುವ ಯಾವ ಜಾಗವೂ ಅಲ್ಲ. ಮೂರೂವರೆ ಅಡಿ ಎತ್ತರದ ಮಗುವಿಗೆ ಅಲ್ಲಿ ಕಾಣುವುದು ಜೀನ್ಸ್ ಪ್ಯಾಂಟುಗಳು ಮಾತ್ರ. ಹೆಗಲ ಮೇಲೆ ಕೂರಿಸಿಕೊಂಡರೆ ಅರ್ಧ ಗಂಟೆಯಲ್ಲಿ ನಿಮ್ಮ ಕುತ್ತಿಗೆ ಸೋಲುತ್ತದೆ, ಹಿಂದಿನವರು ಬೈಯುತ್ತಾರೆ. ಕುರ್ಚಿ ಇರುವ ಗ್ಯಾಲರಿ ತಗೊಳ್ಳಿ. ಸಾಲಿನ ನಡುವೆ ಬೇಡ, ನಡೆದಾಡುವ ದಾರಿಯ ಪಕ್ಕದ ಸೀಟು ಸಿಕ್ಕರೆ ಅದೇ ಇರಲಿ.

ಶನಿವಾರ, ಭಾನುವಾರ ಎರಡೂ ಶೋ ಇದ್ದರೆ ಶನಿವಾರ. ಸೋಮವಾರ ಬೆಳಿಗ್ಗೆ ಸ್ಕೂಲ್ ವ್ಯಾನ್ ಹತ್ತಿಸುವವರಿಗೆ ಕಾರಣ ಹೇಳಬೇಕಿಲ್ಲ.

ಕಿವಿಯ ವಿಷಯ, ಸ್ವಲ್ಪ ನಿಧಾನವಾಗಿ ಓದಿ

ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಜೀವಕೋಶಗಳಿವೆ. ಸದ್ದನ್ನು ಮಿದುಳಿಗೆ ಮುಟ್ಟಿಸುವುದು ಅವೇ. ಜಾಸ್ತಿ ಸದ್ದಿಗೆ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಚಾಕೊಲೇಟ್ ತಿಂದು ಹಾಳಾದ ಹಾಲುಹಲ್ಲು ಬಿದ್ದರೆ ಇನ್ನೊಂದು ಬರುತ್ತದೆ, ಇದಕ್ಕೆ ಆ ಭಾಗ್ಯ ಇಲ್ಲ.

ಮೊಬೈಲ್, ಹೆಡ್‌ಫೋನ್‌ಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. ಡೆಸಿಬೆಲ್ ಅಂದರೆ ಸದ್ದಿನ ಅಳತೆ. ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಮಕ್ಕಳಿಗೆ 75 ಡೆಸಿಬೆಲ್ ಇಷ್ಟೇ ಹೊತ್ತು. ಡೆಸಿಬೆಲ್ 3 ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹೀಗೆ ಇಳಿಸುತ್ತಾ ಹೋದರೆ 100 ಡೆಸಿಬೆಲ್‌ನಲ್ಲಿ ದೊಡ್ಡವರಿಗೆ ವಾರಕ್ಕೆ 20 ನಿಮಿಷ, ಮಕ್ಕಳಿಗೆ ಏಳೆಂಟು ನಿಮಿಷ ಉಳಿಯುತ್ತದೆ. ಇದು ಹೆಡ್‌ಫೋನ್ ಲೆಕ್ಕ ಅನ್ನಬಹುದು. ಆದರೆ ಸದ್ದು ಎಲ್ಲಿಂದ ಬಂತು ಅಂತ ಕಿವಿ ವಿಚಾರಿಸುವುದಿಲ್ಲ. ಸಂಗೀತ ಕಾರ್ಯಕ್ರಮಗಳಿಗೆ ಅಂತಲೇ ಅದೇ ಸಂಸ್ಥೆ 2022ರಲ್ಲಿ ಒಂದು ಮಾನದಂಡ ಹೊರಡಿಸಿತು. ಅದರಲ್ಲಿ ಹೇಳಿರುವ ಮಿತಿ 15 ನಿಮಿಷದ ಸರಾಸರಿ 100 ಡೆಸಿಬೆಲ್. ಅಂದರೆ ನಿಯಮ ಪಾಲಿಸಿದ ಶೋ ಕೂಡ ಮಗುವಿನ ಬರಿಗಿವಿಗೆ ಜಾಸ್ತಿಯೇ.

ಹಾಗಾಗಿ ಇಯರ್ ಮಫ್ ಬೇಕೇ ಬೇಕು. ಹೆಡ್‌ಫೋನ್ ಥರ ತಲೆ ಮೇಲೆ ಕೂತು ಎರಡೂ ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳ ಅಳತೆಯದು. ಹಾಡು ಕೇಳುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇದಕ್ಕೆ ಬದಲಿ ಅಲ್ಲ. ಪುಟ್ಟ ಮಕ್ಕಳಿಗೆ ಕಿವಿಯೊಳಗೆ ತುರುಕುವ ಸ್ಪಂಜಿನ ಪ್ಲಗ್ ಕೂಡ ಬೇಡ. ಸರಿಯಾಗಿ ಕೂರುವುದಿಲ್ಲ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಹತ್ತಿ ಇಡುವುದು ನಮ್ಮ ಅಜ್ಜಿಯರ ಉಪಾಯ. ಗಾಳಿಗೆ ಸರಿ, ಸ್ಪೀಕರಿಗೆ ಸಾಲದು.

ಡಬ್ಬದ ಮೇಲೆ ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಅಂತ ಬರೆದಿರುತ್ತದೆ, 20ರ ಮೇಲೆ ಇರುವುದನ್ನು ನೋಡಿ. ಅದು ಪ್ರಯೋಗಾಲಯದ ಅಂಕಿ, ತಲೆ ಮೇಲೆ ಅಷ್ಟು ಸಿಗುವುದಿಲ್ಲ. ಸಂದು ಬಿಟ್ಟರೆ ಇನ್ನೂ ಕಡಿಮೆ. ನಮ್ಮ ಹೆಣ್ಣುಮಕ್ಕಳಿಗೆ ಸಂದು ಬಿಡುವ ಜಾಗ ಎರಡು. ಒಂದು ಜುಮುಕಿ. ಮಫ್ ಒತ್ತಿದಾಗ ಜುಮುಕಿಯ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆ, ಹತ್ತು ನಿಮಿಷಕ್ಕೆ ಮಗು ಕಿತ್ತೆಸೆಯುತ್ತದೆ. ಹೊರಡುವಾಗಲೇ ಬಿಚ್ಚಿ ಮನೆಯಲ್ಲಿಡಿ. ಇನ್ನೊಂದು ಎರಡು ಜಡೆ. ಕಿವಿಯ ಮೇಲೆ ಹಾದು ಬರುವ ಕೂದಲು ಮಫ್ ಅನ್ನು ಎತ್ತಿಬಿಡುತ್ತದೆ. ಹಿಂದಕ್ಕೆ ಎಳೆದು ಒಂದೇ ಜುಟ್ಟು ಹಾಕಿ. ಕನ್ನಡಕ ಇದ್ದರೆ ಕಡ್ಡಿ ತೆಳ್ಳಗಿರಲಿ.

ಮಫ್ ತಂದ ದಿನದಿಂದಲೇ ಮನೆಯಲ್ಲಿ ಹಾಕಿಸಿ. ಮಿಕ್ಸಿ ತಿರುಗಿಸುವಾಗ ಹಾಕಿಕೊಂಡು ಪಕ್ಕದಲ್ಲಿ ನಿಲ್ಲಲಿ, ತೆಗೆದು ನೋಡಲಿ, ಮತ್ತೆ ಹಾಕಿಕೊಳ್ಳಲಿ. ಚಟ್ನಿಯೂ ಆಯಿತು, ಅಭ್ಯಾಸವೂ ಆಯಿತು. ನೀವೂ ಒಂದು ಜೊತೆ ಪ್ಲಗ್ ಇಟ್ಟುಕೊಳ್ಳಿ. ಅಪ್ಪ ಹಾಕದ್ದನ್ನು ಮಗು ಯಾಕೆ ಹಾಕಬೇಕು?

ಮಗುವಿಗೆ ಏನು ಹೇಳಬೇಕು

ಟಿವಿಯಲ್ಲಿ ನೋಡಿದ ಮಗು ಗಾಯಕಿ ಬಂದು ಕೈ ಕುಲುಕುತ್ತಾಳೆ ಅಂದುಕೊಂಡಿರುತ್ತದೆ. ಮೊದಲೇ ಹೇಳಿ: ಅವರು ಹೆಬ್ಬೆರಳಷ್ಟು ಕಾಣುತ್ತಾರೆ, ಮುಖ ನೋಡಬೇಕಾದರೆ ದೊಡ್ಡ ಪರದೆ ನೋಡಬೇಕು. ಅವರಿಗಿಂತ ಮೊದಲು ಬೇರೆ ಯಾರೋ ಹಾಡುತ್ತಾರೆ. ನಿನ್ನ ಇಷ್ಟದ ಹಾಡು ಕೊನೆಗೆ ಬರಬಹುದು, ಬಾರದೆಯೂ ಇರಬಹುದು. ಲೈಟ್ ಆರುತ್ತದೆ, ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ಅದು ಖುಷಿಗೆ. ಈ ಕೊನೆಯದನ್ನು ಎರಡು ಸಲ ಹೇಳಿ. ಮಕ್ಕಳು ಮೊದಲು ಬೆಚ್ಚುವುದು ಹಾಡಿಗಲ್ಲ, ಆ ಕಿರುಚಾಟಕ್ಕೆ.

ಫಿಟ್ಸ್ ಬಂದ ಮಗುವಾದರೆ ಮಿಂಚುವ ಲೈಟಿನ ಬಗ್ಗೆ ವೈದ್ಯರನ್ನು ಕೇಳದೆ ಹೋಗಬೇಡಿ. ವೀಸಿಂಗ್ ಇದ್ದರೆ ಇನ್‌ಹೇಲರ್ ಜೇಬಿನಲ್ಲಿರಲಿ. ಸ್ಟೇಜಿನ ಹೊಗೆಗಿಂತ ಮೈದಾನದ ಧೂಳೇ ಜಾಸ್ತಿ ಕಾಡುತ್ತದೆ.

ಆ ದಿನ

ಮಧ್ಯಾಹ್ನ ಒಂದು ನಿದ್ದೆ ಆಗಲಿ. ಸಂಜೆ ಹೊಟ್ಟೆ ತುಂಬ ಮೊಸರನ್ನವೋ ಚಿತ್ರಾನ್ನವೋ ತಿನ್ನಿಸಿ ಹೊರಡಿ. ಒಳಗಿನ ಅಂಗಡಿಗಳಲ್ಲಿ ಮಕ್ಕಳು ತಿನ್ನುವಂಥದ್ದು ಕಡಿಮೆ, ಬೆಲೆ ಕೇಳಬೇಡಿ. ನೀರಿನ ಬಾಟಲಿ, ಕೊಡೆ, ದೊಡ್ಡ ಬ್ಯಾಗ್ ಗೇಟಿನಲ್ಲಿ ತಡೆಯುವುದು ಮಾಮೂಲು. ಮಳೆಗಾಲವಾದರೆ ಮಡಚುವ ರೇನ್‌ಕೋಟ್ ತಗೊಳ್ಳಿ. ಶೂ ಹಾಕಿಸಿ, ಚಪ್ಪಲಿ ಜನರ ಕಾಲಡಿ ಹೋಗುತ್ತದೆ.

ಕಾರಿಗಿಂತ ಮೆಟ್ರೊ ವಾಸಿ. ಹಸಿರು ಮಾರ್ಗ 2024ರ ನವೆಂಬರ್‌ನಿಂದ ಮಾದಾವರದವರೆಗೂ ಹೋಗುತ್ತಿದೆ, ಆ ಕಡೆಯ ಮೈದಾನಗಳಿಗೆ ಅದೇ ಸಲೀಸು. ಅರಮನೆ ಮೈದಾನಕ್ಕೆ ಹೋಗುವವರು ಯಾವ ಗೇಟ್ ಅಂತ ಟಿಕೆಟ್‌ನಲ್ಲಿ ನೋಡಿಕೊಂಡೇ ಆಟೊ ಹತ್ತಿ. ಗೇಟ್ ತಪ್ಪಿದರೆ ಮೇಖ್ರಿ ಸರ್ಕಲ್ ಟ್ರಾಫಿಕ್‌ನಲ್ಲಿ ಮಗುವಿನ ಕೈ ಹಿಡಿದು ನಡೆಯಬೇಕಾಗುತ್ತದೆ. ಮೈಸೂರಿನ ಯುವ ದಸರಾ ಮೊದಲು ಊರ ಮಧ್ಯದ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿತ್ತು, 2024ರಲ್ಲಿ ಊರ ಹೊರಗಿನ ಉತ್ತನಹಳ್ಳಿ ಕಡೆಗೆ ಹೋಯಿತು. ನಡೆದೇ ಬಂದುಬಿಡೋಣ ಅನ್ನುವ ಕಾಲ ಮುಗಿಯಿತು. ವಾಪಸ್ ಬರುವ ಗಾಡಿ ಮೊದಲೇ ಗೊತ್ತು ಮಾಡಿಕೊಳ್ಳಿ.

ಹೊರಡುವ ಮುಂಚೆ ಮಗುವಿನ ಫೋಟೊ ತೆಗೆಯಿರಿ, ಅಂದಿನ ಬಟ್ಟೆಯಲ್ಲೇ. ಮುಂಗೈ ಒಳಬದಿಗೆ ಬಾಲ್‌ಪೆನ್ನಿನಲ್ಲಿ ಇಬ್ಬರ ಫೋನ್ ನಂಬರ್ ಬರೆಯಿರಿ. ಅಪ್ಪನ ಹೆಸರೇನು ಪುಟ್ಟಾ ಅಂದರೆ ‘ಅಪ್ಪ’ ಅನ್ನುವ ವಯಸ್ಸು. ಕೈ ತಪ್ಪಿದರೆ ಅಲ್ಲೇ ನಿಲ್ಲಬೇಕು, ಖಾಕಿ ಹಾಕಿದವರನ್ನೋ ಮಕ್ಕಳ ಜೊತೆ ಬಂದಿರುವ ಆಂಟಿಯನ್ನೋ ಕೇಳಬೇಕು ಅಂತ ಹೇಳಿಕೊಡಿ. ನೀವು ಪೊಲೀಸರಿಗೆ ಹೇಳಿ, 112ಕ್ಕೆ ಮಾಡಿ. ಜನ ಜಾಸ್ತಿ ಇದ್ದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಹಾಗಾಗಿ ದೊಡ್ಡವರಿಬ್ಬರೂ ಎಲ್ಲಿ ಸೇರಬೇಕು ಅಂತ ಒಳಗೆ ಹೋದ ತಕ್ಷಣ ಒಂದು ಜಾಗ ಗುರುತು ಮಾಡಿಕೊಳ್ಳಿ.

ಗೇಟಿನಲ್ಲಿ ಎಚ್ಚರ

ಶೋ ನಡೆಯುವ ಜಾಗಕ್ಕಿಂತ ಗೇಟಿನ ಹೊರಗೆ ಭಯ ಜಾಸ್ತಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ಅದು ಹಾಡಿನ ಕಾರ್ಯಕ್ರಮ ಅಲ್ಲ, ಆರ್‌ಸಿಬಿ ವಿಜಯೋತ್ಸವ. ಆದರೆ ಜನ ಜನವೇ. ನನ್ನ ನಿಯಮ ಸರಳ. ಟಿಕೆಟ್ ಇಲ್ಲದೆ, ಮೊದಲು ಬಂದವರಿಗೆ ಒಳಗೆ ಬಿಡುವ ದೊಡ್ಡ ಕಾರ್ಯಕ್ರಮಕ್ಕೆ ಮಗುವನ್ನು ಒಯ್ಯುವುದಿಲ್ಲ, ಯಾರೇ ಹಾಡಲಿ.

ಟಿಕೆಟ್ ಇದ್ದರೂ ಗೇಟ್ ತೆರೆಯುವ ಹೊತ್ತಿಗೇ ಹೋಗಿ. ಸುತ್ತಲಿನವರ ಭುಜ ಎರಡೂ ಕಡೆಯಿಂದ ತಾಗಲು ಶುರುವಾದರೆ ಅದೇ ಸೂಚನೆ. ಮಗುವನ್ನು ಎತ್ತಿ ಎದೆಗೆ ಅವಚಿಕೊಳ್ಳಿ, ಬೆನ್ನ ಮೇಲೆ ಬೇಡ. ಗುಂಪಿಗೆ ಎದುರು ನುಗ್ಗಬೇಡಿ. ಗುಂಪು ಸರಿಯುವ ಕಡೆಗೇ ಸರಿಯುತ್ತಾ ಓರೆಯಾಗಿ ಅಂಚಿಗೆ ಬನ್ನಿ. ಗೋಡೆ, ಬ್ಯಾರಿಕೇಡ್ ಪಕ್ಕ ಸಿಕ್ಕಿಹಾಕಿಕೊಳ್ಳಬೇಡಿ. ಮೊಬೈಲ್ ಬಿದ್ದರೆ ಬೀಳಲಿ, ಬಗ್ಗಬೇಡಿ. ಅಂಚು ಸಿಕ್ಕಿದ ಮೇಲೆ ಮನೆಗೆ ಹೋಗೋಣ ಅನಿಸಿದರೆ ಹೋಗಿಬಿಡಿ, ಟಿಕೆಟ್ ದುಡ್ಡು ಲೆಕ್ಕ ಹಾಕಬೇಡಿ.

ಒಳಗೆ

ಸ್ಟೇಜಿನ ಎರಡೂ ಬದಿಗೆ ನೇತುಹಾಕಿದ ಸ್ಪೀಕರ್ ಸಾಲು ಎಲ್ಲರಿಗೂ ಕಾಣುತ್ತದೆ. ದೊಡ್ಡ ಮೈದಾನದಲ್ಲಿ ಅರ್ಧ ದಾರಿಗೆ ಇನ್ನೊಂದು ಜೊತೆ ಇರುತ್ತದೆ, ಹಿಂದಿನವರಿಗೆ ಕೇಳಲಿ ಅಂತ. ಸೌಂಡ್‌ನವರು ಅದಕ್ಕೆ ಡಿಲೇ ಟವರ್ ಅನ್ನುತ್ತಾರೆ. ಹಿಂದೆ ಬಂದೆವು, ಇನ್ನು ಚಿಂತೆ ಇಲ್ಲ ಅಂತ ಸೀದಾ ಅದರ ಮುಂದೆಯೇ ಚಾಪೆ ಹಾಸುವವರನ್ನು ಕಂಡಿದ್ದೇನೆ. ತಲೆ ಎತ್ತಿ ನೋಡಿ ಕೂರಿ. ತೋಳಳತೆಯಲ್ಲಿ ಇರುವವರ ಜೊತೆ ಕೂಗಿ ಮಾತಾಡಬೇಕು ಅಂದರೆ ಮಫ್ ತೆಗೆಯುವ ಹೊತ್ತಲ್ಲ.

ಮುಕ್ಕಾಲು ಗಂಟೆಗೊಮ್ಮೆ ಹೊರಗಿನ ಊಟದ ಅಂಗಡಿಗಳ ಕಡೆ ಸುತ್ತಾಡಿಸಿ ಬನ್ನಿ. ಟಾಯ್ಲೆಟ್ಟೂ ಆಗುತ್ತದೆ, ಕಿವಿಗೂ ಬಿಡುವು. ವಿಡಿಯೊ ಒಂದು ಹಾಡಿನದು ಸಾಕು.

ಯಾವಾಗ ಎದ್ದು ಬರಬೇಕು

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಬಿಡಬಹುದು. ಅದಕ್ಕೇ ಬಯಲಿನ ಶೋಗಳು ಸಾಮಾನ್ಯವಾಗಿ 10ಕ್ಕೆ ಮುಗಿಯುತ್ತವೆ. ಮಕ್ಕಳಿರುವವರಿಗೆ ಇದು ವರವೇ. ಆದರೆ 10ಕ್ಕೆ ಮುಗಿದರೆ ಎಲ್ಲರೂ 10ಕ್ಕೇ ಗೇಟಿಗೆ ಬರುತ್ತಾರೆ, ಮೆಟ್ರೊ ನಿಲ್ದಾಣದ ಮೆಟ್ಟಿಲಿಗೂ ಅದೇ ಜನ.

ಎರಡು ಹಾಡು ಉಳಿದಿರುವಾಗ ಏಳಿ. ಮಗು ಇನ್ನೂ ಕುಣಿಯುತ್ತಿರುವಾಗಲೇ ಏಳಬೇಕು. ತೂಕಡಿಸಲು ಶುರುವಾದ ಮೇಲೆ ಎದ್ದರೆ ಅರ್ಧ ಮೈದಾನ ಎತ್ತಿಕೊಂಡು ನಡೆಯಬೇಕು. ಕೊನೆಯ ಹಾಡು ಗೇಟಿನ ಹೊರಗೂ ಕೇಳಿಸುತ್ತದೆ, ಅಲ್ಲಿ ನಿಂತು ಹಾಡಿಕೊಳ್ಳಲಿ.

ಮರುದಿನ

ಕಿವಿಯಲ್ಲಿ ಗುಂಯ್ ಅನ್ನುತ್ತಾ ಅಂತ ಕೇಳಿ. ಮಕ್ಕಳು ತಾವಾಗಿ ಹೇಳುವುದಿಲ್ಲ. ಕರೆದರೆ ತಿರುಗದಿರುವುದು, ಟಿವಿ ಸದ್ದು ಏರಿಸುವುದು, ಕಿವಿ ಉಜ್ಜಿಕೊಳ್ಳುವುದು ಗಮನಿಸಿ. ಒಂದೆರಡು ದಿನದಲ್ಲಿ ಹೋಗದಿದ್ದರೆ ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಿ, ಕಾನ್ಸರ್ಟ್‌ಗೆ ಹೋಗಿದ್ದೆವು ಅಂತಲೂ ಹೇಳಿ. ಎಣ್ಣೆ ಬಿಡಬೇಡಿ. ಆ ವಾರ ಹೆಡ್‌ಫೋನ್ ಬೀರುವಿನಲ್ಲಿರಲಿ. ಮಫ್ ಮಾತ್ರ ಕೈಗೆ ಸಿಗುವಲ್ಲಿಡಿ, ದೀಪಾವಳಿಗೆ ಬೇಕಾಗುತ್ತದೆ.